ಅಮಸಿದ್ದನ ನೀಲಿ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 7, ಬಸ್ಸಿನಲ್ಲಿ

ತಿಕೋಟಾದಿಂದ ಇವತ್ತೂ ನಿಂತೇ ಪ್ರಯಾಣ. ಈಗಷ್ಟೇ ಸೀಟು ಸಿಕ್ಕಿತು. ಅಥಣಿ ರಸ್ತೆಯಲ್ಲಿ ನಾನು ಪಾಠ ಹೇಳುವ ಟ್ಯೂಷನ್ ಮುಟ್ಟುವುದರೊಳಗೆ ಎರಡು ಪುಟ ನೋಡಬಹುದು.

ತೊಡೆಯ ಮೇಲೆ ಅಮಸಿದ್ದನ ನೋಟ್‌ಬುಕ್, ಟವೆಲ್‌ನಲ್ಲಿ ಸುತ್ತಿದ್ದು. ಹೊನವಾಡದ ದ್ರಾಕ್ಷಿ ತೋಟಗಳಲ್ಲಿ ಇಪ್ಪತ್ತು ವರ್ಷ ಕೂಲಿ ಮಾಡಿದ. ಬೇರೆಯವರಿಗೆ ಕಾಣದ್ದು ಕಾಣುತ್ತಿತ್ತಂತೆ. ಬರೆದ, ಬರೆದದ್ದರ ಸುತ್ತ ಚಿತ್ರ ತುಂಬಿದ. ಸತ್ತು ಎರಡು ವರ್ಷ. ಯಾರೂ ಓದಿಲ್ಲ! ಒಂದು ಚಿತ್ರದಲ್ಲಿ ಬಳ್ಳಿಯ ಚಪ್ಪರದ ಮೇಲೆ ಬೆಳಕಿನ ಜನ ನಡೆಯುತ್ತಾರೆ. ಮೈಗೆ ಬಣ್ಣವಿಲ್ಲ, ಕೈ ಮಾತ್ರ ನೀಲಿ. ನಮ್ಮ ದಲಿತ ಸಂಘಟನೆಯ ಬಾವುಟದ ನೀಲಿ. ಮತ್ತೇನಿದ್ದೀತು?

28ರ ಭಾನುವಾರ ಬಬಲೇಶ್ವರದ ಸಭೆಯಲ್ಲಿ ಅವನನ್ನು ಕವಿ ಎಂದು ಕರೆಯಬೇಕು. ಅವನ ಹೆಂಡತಿ ರುಕ್ಮವ್ವ ನೋಟ್‌ಬುಕ್ ಕೊಟ್ಟಿದ್ದಾಳೆ, ಒಪ್ಪಿಗೆ ಇನ್ನೂ ಇಲ್ಲ. ಸಭೆಗೆ ಅವನ ಚಿತ್ರಗಳ ಬ್ಯಾನರ್ ಮಾಡಿಸುತ್ತೇವಲ್ಲ, ಅದನ್ನು ನೋಡಿ ಹೇಳುತ್ತೇನೆ ಅಂದಿದ್ದಾಳೆ.

ಸೆಪ್ಟೆಂಬರ್ 12

ಸಭೆಯ ಕರಪತ್ರ ಮುಗಿಯಿತು. ಒಂದೇ ಏಟಿಗೆ ನಾಲ್ಕು ಪುಟ. ಹದಿನಾಲ್ಕನೇ ಚಿತ್ರವೇ ಅದರ ಎದೆ — ದೊಡ್ಡ ಬಿಳಿ ವೃತ್ತ, ಅದರೊಳಗೆ ಐದು ನೀಲಿ ಗೆರೆ. ಧಮ್ಮಚಕ್ರ. ಗೆರೆ ಐದೇ ಏಕೆ? ಬುದ್ಧನ ಪಂಚಶೀಲ.

ಸೆಪ್ಟೆಂಬರ್ 19, ಶುಕ್ರವಾರ

ಸೊಲ್ಲಾಪುರ ರಸ್ತೆ, ಜಾಹೀದನ ಫ್ಲೆಕ್ಸ್ ಅಂಗಡಿ. ಸ್ಕ್ಯಾನ್‌ನಲ್ಲಿ ನೀಲಿ ಪೇಲವ. ಹಾಲು ಬೆರೆತಂತೆ, ಸ್ವಲ್ಪ ಹಸಿರು. ಗಾಢ ಮಾಡು ಅಂದೆ.

"ಮೂಲ ಹಿಂಗ ಐತೆಲ್ಲ. ನೀ ಯಾಕ ಬದಲಿ ಮಾಡಾಕತ್ತಿ?"

ಹಳೆಯದಾಗಿ ಮಾಸಿದೆ, ಇದ್ದ ಬಣ್ಣವನ್ನೇ ನಾವು ತಿರುಗಿ ಕೊಡುತ್ತಿದ್ದೇವೆ ಅಂದೆ. "ತಗೋ, ಸತ್ತಾಂವ ಕೇಳಾಕ ಬರಂಗಿಲ್ಲ" ಅಂದು ಮೌಸ್ ಒತ್ತಿದ. ಬಾವುಟದ ನೀಲಿ ಬಂತು. ಎಷ್ಟು ಚೆಂದ...

ಸೆಪ್ಟೆಂಬರ್ 21, ಭಾನುವಾರ. ಸಂಜೆ

ಹೊನವಾಡ. ರುಕ್ಮವ್ವನ ಅಂಗಳದಲ್ಲಿ ಬ್ಯಾನರ್ ಬಿಚ್ಚಿದೆ. ನೀಲಿ ಕೈಗಳ ಮೇಲೆ ಬೆರಳಿಟ್ಟಳು.

"ಇವು ಅವನ ಕೈ ಅಲ್ಲ."

ಬಣ್ಣ ಮಾಸಿತ್ತು, ಸರಿ ಮಾಡಿಸಿದ್ದೇನೆ ಅಂದೆ. ಮಾಸಿರಲಿಲ್ಲವಂತೆ. ಬಳ್ಳಿಗೆ ರೋಗ ಬರಬಾರದೆಂದು ಮೈಲುತುತ್ತಕ್ಕೆ ಸುಣ್ಣ ಕಲಸಿ ಹೊಡೆಯುತ್ತಾರೆ. ಆಕೆ ಕಲಸುವವಳು, ಅವನು ಪಂಪು ಹೊರುವವನು. ಬ್ಯಾರಲ್ಲಿನ ತಳದ ಗಸಿಗೆ ಜಾಲಿ ಅಂಟು ಸೇರಿಸಿ ಅದರಲ್ಲೇ ಚಿತ್ರ ಬರೆಯುತ್ತಿದ್ದ. ನೀಲಿ ಇದ್ದದ್ದೇ ಹಾಗೆ.

ಮತ್ತೆ ಚಕ್ರ, ಐದು ಗೆರೆ ಅಂದೆ. ಕರಪತ್ರ ಓದಿ ಹೇಳಿದೆ. ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ.

"ಅದು ರೊಟ್ಟಿ. ನಾ ಬಡದದ್ದು. ಎಷ್ಟ ತೊಳದ್ರೂ ಕೈ ಬಣ್ಣ ಬಿಡ್ತಿರಲಿಲ್ಲ. ಐದೂ ಬೆರಳು ಮೂಡಿದ್ವು. ತಿನಬ್ಯಾಡ, ವಿಷ ಐತಿ ಅಂದೆ. ಅಂವ ಅದನ್ನ ಗ್ವಾಡಿಗೆ ಆನಿಸಿಟ್ಟು ಸಂಜೀತನಾ ನೋಡಿಕೋತ ಕುಂತ."

ನೋಟ್‌ಬುಕ್ ವಾಪಸ್ ಕೇಳಿದಳು. ಕೊಟ್ಟೆ.

ಸೆಪ್ಟೆಂಬರ್ 23

ಕರಪತ್ರದ ಕಟ್ಟು ಮೂಲೆಯಲ್ಲಿ. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ರೊಟ್ಟಿ ಚಕ್ರವಾಗಬಾರದು ಅಂತ ಎಲ್ಲಿದೆ? ಬರೀ ರೊಟ್ಟಿಯನ್ನು ಯಾರಾದರೂ ಸಂಜೆಯವರೆಗೆ ನೋಡುತ್ತಾರೆಯೇ? ಏನೋ ಕಂಡಿದ್ದ. ಅದು ನನ್ನ ಪಂಚಶೀಲವೇ ಇರಬಹುದು, ಹೆಂಡತಿಯ ಕೈಯೇ ಇರಬಹುದು. ಎರಡೂ... ಗೊತ್ತಿಲ್ಲ.

ಬಣ್ಣ ಬದಲಿಸಿದ್ದು ಮಾತ್ರ ನಾನು. ಅವನೂ ಅಲ್ಲ, ಕಾಲವೂ ಅಲ್ಲ. ನಮ್ಮ ಮಾತನ್ನು ಬೇರೆಯವರು ತಿದ್ದಿ ಬರೆದರೆಂದು ಊರೆಲ್ಲ ಕೂಗುವವಳು ನಾನು.

ಜಾಹೀದ ಫೋನ್ ಮಾಡಿದ್ದ. ಬ್ಯಾನರನ್ನು ಮೂಲದ ಬಣ್ಣದಲ್ಲೇ ಮತ್ತೆ ಪ್ರಿಂಟ್ ತೆಗೆಯುತ್ತಾನಂತೆ. ರುಕ್ಮವ್ವ ಹೂಂ ಅನ್ನದೆ ಏನು ತೆಗೆಯುವುದು?

ಸೆಪ್ಟೆಂಬರ್ 25, ಗುರುವಾರ

ಮಧ್ಯಾಹ್ನ ಹೊನವಾಡ. ಬರಿಗೈಯಲ್ಲಿ ಹೋದೆ. ರುಕ್ಮವ್ವ ತೊಗರಿ ಹಸನು ಮಾಡುತ್ತಿದ್ದಳು. ತಪ್ಪಾಯಿತು ಅಂದೆ. ಭಾಷಣದ ಹಾಗೆ ಬಂತು, ಥೂ. ನೀನು ಒಪ್ಪದಿದ್ದರೆ ಒಂದು ಪುಟವನ್ನೂ ತೋರಿಸುವುದಿಲ್ಲ, ಸಭೆ ಬೇಡವೆಂದರೆ ಬೇಡ ಅಂದೆ. ಮೊರ ನಿಲ್ಲಲಿಲ್ಲ.

ಆಮೇಲೆ, ನನ್ನ ಕಡೆ ನೋಡದೆ:

"ಬಬಲೇಶ್ವರದಾಗ ಮಂದಿಗೆಲ್ಲ ಓದಾಕಿ. ನನಗ ಒಂದ ಸಲಾನೂ ಓದಿ ಹೇಳಿಲ್ಲಲ್ಲ ವಿಶಾಖಾ. ಅಂವಾ ಹೇಳಲಿಲ್ಲ, ನೀನೂ ಹೇಳಲಿಲ್ಲ."

ಆಕೆಗೆ ಓದು ಬರುವುದಿಲ್ಲ. ಗೊತ್ತಿತ್ತು ನನಗೆ. ಎಷ್ಟು ಸಲ ಬಂದೆ, ಎಷ್ಟು ಚಹಾ ಕುಡಿದೆ! ನನ್ನ ಕರಪತ್ರ ಓದಿ ಹೇಳಿದೆ. ಅವನದು ಒಂದು ಸಾಲೂ ಇಲ್ಲ.

ಒಳಗಿಂದ ನೋಟ್‌ಬುಕ್ ತಂದಳು. ತಾನೇ ಪುಟ ತೆಗೆದಳು. ಪೂರ್ತಿ ಅರಿಶಿನ ಬಳಿದ ಪುಟ, ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಗಸು. ನೀಲಿ ಇಲ್ಲವೆಂದು ನಾನು ಕೈಬಿಟ್ಟ ಪುಟ.

"ಈ ಹಳದಿ ಏನಂತ ನನಗೂ ತಿಳಿದಿಲ್ಲ. ಮೊದಲ ನನಗ ಓದು. ಆಮ್ಯಾಲ ಊರಿಗೆ."

ಆಕೆ ಮತ್ತೆ ಮೊರ ಎತ್ತಿಕೊಂಡಳು. ಹನ್ನೊಂದು ಸಾಲು. ಎರಡನೆಯದರಲ್ಲಿ ಆಕೆಯ ಹೆಸರಿದೆ. ಅದು ಬಂದಾಗ ಮೊರ ಕೆಳಗಿಟ್ಟಳು. ಮೂರನೆಯದನ್ನು ಇಲ್ಲಿ ಬರೆದುಕೊಳ್ಳುವುದಿಲ್ಲ, ಅದು ಆಕೆಯದು. ಅರ್ಥ ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಬಾಯಿ ಮುಚ್ಚಿಕೊಂಡೆ. ಇನ್ನೊಮ್ಮೆ ಓದು ಅಂದಳು. ಓದಿದೆ. ಭಾನುವಾರದ ಸಭೆಯ ಮಾತು ಇಬ್ಬರೂ ಎತ್ತಲಿಲ್ಲ. ಮೂರನೇ ಸಲ ಓದುವಾಗ ಆಕೆ ನನಗಿಂತ ಮುಂಚೆಯೇ ಸಾಲು ಹೇಳತೊಡಗಿದಳು, ನಾನು ದನಿ ತಗ್ಗಿಸಿದೆ, ಆಕೆ ನಿಲ್ಲಿಸಲಿಲ್ಲ, ಹನ್ನೊಂದನೆಯ ಸಾಲಿನವರೆಗೂ ಒಬ್ಬಳೇ ಹೇಳಿದಳು.