ಒಣಮೀನಿನ ಚೀಲದಲ್ಲಿ ಮಾನಸಳ ಫೋನು

ಕೆ. ಹೊಸಕೋಟೆ ಹತ್ತಿರ,
ಆಲೂರು ತಾಲ್ಲೂಕು
೨೯ ಏಪ್ರಿಲ್ ೨೦೨೫

ಮಾನಸಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಕಾಗದವೇ ಗತಿ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದಾಗ ನಟರಾಜಣ್ಣ, ‘ಏನವ್ವಾ, ಕೆಲಸಕ್ಕೆ ಅರ್ಜಿ ಹಾಕ್ತೀಯಾ?’ ಎಂದರು. ಅಲ್ಲ, ಜಗಳಕ್ಕೆ ಎಂದೆ.

ಗುರುವಾರ ನಿನ್ನ ಫೋನನ್ನು ತೆಗೆದವಳು ನಾನೇ. ಅಂದು ಅಂಗಳದಲ್ಲಿ ಬಾಯಿಬಿಟ್ಟು ಹೇಳಿದ್ದೆ, ಈಗ ಬರೆದೂ ಕೊಡುತ್ತಿದ್ದೇನೆ. ಯಾಕೆ ತೆಗೆದೆ ಎಂದು ಕೇಳಲು ಮಾತ್ರ ನೀನು ನಿಲ್ಲಲಿಲ್ಲ. ಬಸ್ಸಿಗೆ ಓಡಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮಮ್ಮ ಆಲೂರು ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡು, ಬೇಸಿಗೆ ರಜೆ ಮುಗಿಯುವ ಮೊದಲು ಎರಡು ದಿನ ಮನೆಗೆ ಬಾ ಎಂದು ಕರೆದಿದ್ದಳು. ನೀನು ಬರುವ ಧೈರ್ಯ ಮಾಡುತ್ತೀಯ ಎಂದು ನಾನು ಎಣಿಸಿರಲಿಲ್ಲ. ಬುಧವಾರ ಸಂಜೆ ಬಂದೇಬಿಟ್ಟೆ, ಹಲ್ವದ ಡಬ್ಬಿ ಹಿಡಿದುಕೊಂಡು. ಆವತ್ತು ಸಂಜೆಯ ಜಪಸರಕ್ಕೆ ನಮ್ಮ ಜೊತೆ ಚಾಪೆಯ ಮೇಲೆ ಕುಳಿತೆ. ಪ್ರಾರ್ಥನೆ ಮುಗಿದ ಮೇಲೆ ಚಿಕ್ಕವರು ದೊಡ್ಡವರೆದುರು ಕೈಮುಗಿದು ‘ಬೆಸಾಂವ್’ ಕೇಳಬೇಕು, ಅಂದರೆ ಆಶೀರ್ವಾದ. ಅದು ನಮ್ಮ ಮನೆಯಲ್ಲಿ ಅಜ್ಜಿಯರ ಕಾಲದಿಂದ ನಡೆದುಬಂದ ಕ್ರಮ. ನಿನಗೆ ಅದು ತಿಳಿಯದು, ಆದರೂ ನನ್ನನ್ನು ನೋಡಿಕೊಂಡು ಕೈಮುಗಿದೆ. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟು, ‘ಒಳ್ಳೇದಾಗ್ಲಿ ಮಗಾ, ನಿನ್ನಂಥ ಮಗಳು ಎಲ್ರಿಗೂ ಸಿಗ್ಲಿ’ ಎಂದಳು. ಆಮೇಲೆ ನನ್ನ ಸರದಿ. ಅನ್ನಕ್ಕೆ ನೀರಿಡಬೇಕು ಎಂದು ಎದ್ದು ಹೋದಳು.

ಮೂರು ವರ್ಷದಿಂದ ಹೀಗೇ. ನಾನು ಕೈಮುಗಿದ ಕೂಡಲೇ ಅಮ್ಮನಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತದೆ. ನೀನು ಜಗಲಿಗೆ ಬಂದು, ‘ಆಂಟಿ ಯಾಕೆ ಹಂಗೆ ಎದ್ದೋಗ್ಬುಟ್ರು ಕಣೇ?’ ಎಂದು ಕೇಳಿದೆ. ನೀನು ಕೇಳಿದೆ, ಮಾನಸ! ಬೇರೆ ಯಾರು ಕೇಳಿದ್ದರೂ ನಾನು ಸುಮ್ಮನಿರುತ್ತಿದ್ದೆ.

ಮರೆತಿದ್ದರೆ ನೆನಪಿಸುತ್ತೇನೆ. ಎರಡನೇ ಪಿಯುಸಿಯ ಡಿಸೆಂಬರಿನಲ್ಲಿ ಹಾಸ್ಟೆಲಿನ ಟ್ರಂಕುಗಳನ್ನು ತಪಾಸಣೆ ಮಾಡಿದರು. ನಿನ್ನ ಹುಡುಗ ಕೊಡಿಸಿದ್ದ ಫೋನನ್ನು ನೀನು ನನ್ನ ಟ್ರಂಕಿನಲ್ಲಿ, ನನ್ನ ಸ್ವೆಟರಿನೊಳಗೆ ಸುತ್ತಿ ಇಟ್ಟಿದ್ದೆ. ನನಗೆ ಹೇಳಿರಲೂ ಇಲ್ಲ. ಅದರಲ್ಲಿದ್ದ ಮೆಸೇಜುಗಳನ್ನು ವಾರ್ಡನ್ ನಮ್ಮಮ್ಮನೆದುರು ಗಟ್ಟಿಯಾಗಿ ಓದಿದರು. ಎಲ್ಲದರಲ್ಲೂ ‘ಚಿನ್ನಾ’ ಎಂದಿತ್ತೇ ಹೊರತು ಹೆಸರಿರಲಿಲ್ಲ. ಫೋನು ನನ್ನದು, ತಪ್ಪಾಯಿತು ಎಂದು ಬರೆದುಕೊಟ್ಟರೆ ಪರೀಕ್ಷೆಗೆ ಕೂರಿಸುತ್ತೇವೆ ಎಂದರು. ನನ್ನದಲ್ಲದ್ದನ್ನು ನನ್ನದು ಎಂದು ಬರೆಯಲಾರೆ ಎಂದೆ. ಯಾರದು ಎಂದಾಗ ಬಾಯಿ ಬಿಡಲಿಲ್ಲ, ಏಕೆಂದರೆ ಅಷ್ಟರಲ್ಲಿ ನೀನು ಬಚ್ಚಲಮನೆಯ ಹಿಂದೆ ನನ್ನ ಕೈಹಿಡಿದು ಅತ್ತು, ‘ನಮ್ಮಪ್ಪಂಗೆ ಗೊತ್ತಾದ್ರೆ ಕಾಲೇಜು ಬಿಡಿಸ್ಬಿಡ್ತಾರೆ ಲಿಯೋ, ನನ್ನ ಹೆಸ್ರು ಹೇಳ್ಬೇಡ’ ಎಂದು ಮಾತು ತೆಗೆದುಕೊಂಡಿದ್ದೆ. ಟ್ರಂಕು ಹೊತ್ತು ಮನೆಗೆ ಬಂದೆ. ನನ್ನ ಮಗಳು ತಪ್ಪು ಮಾಡಿದ್ದೂ ಅಲ್ಲದೆ ಒಪ್ಪಿಕೊಳ್ಳದಷ್ಟು ಸೊಕ್ಕಿನವಳು ಎಂದು ಅಮ್ಮ ತಿಳಿದಳು. ಇವತ್ತಿಗೂ ಹಾಗೇ ತಿಳಿದಿದ್ದಾಳೆ.

ಇನ್ನು ಗುರುವಾರಕ್ಕೆ ಬರುತ್ತೇನೆ. ಸಕಲೇಶಪುರದ ಕೆಲಸಗಳನ್ನೆಲ್ಲ ಅಮ್ಮ ಚೀಟಿಯಲ್ಲಿ ಬರೆದು ಕೊಟ್ಟಳು: ಅಪ್ಪನ ಎಸ್ಟೇಟಿಗೆ ಸ್ಪ್ರಿಂಕ್ಲರ್ ಜೆಟ್ ಎರಡು, ಅಮ್ಮನ ಹೊಸ ಕನ್ನಡಕ, ಮಿಕ್ಸಿ ಜಾರು ರಿಪೇರಿ, ಮಳೆಗಾಲಕ್ಕೆ ಒಣಮೀನು. ಮೀನನ್ನು ಕೊನೆಯಲ್ಲಿ ಕೊಳ್ಳುವುದು ರೂಢಿ. ನಾನು ಬೇಕೆಂದೇ ಮೊದಲು ಕೊಂಡೆ, ಆ ವಾಸನೆಯನ್ನು ದಿನವೆಲ್ಲ ನೀನು ಹೊರಲಿ ಎಂದು. ತೋಟಕ್ಕೆ ನೀರು ಚಿಮ್ಮಿಸುವ ಆ ಭಾರದ ಜೆಟ್ಟುಗಳನ್ನೂ ನಿನ್ನ ಕೈಗೇ ಕೊಟ್ಟೆ. ಆಟೋ ಇತ್ತು, ಇಲ್ಲವೆಂದು ನಾನು ಹೇಳಲಿಲ್ಲ; ನಡೆಯೋಣ ಎಂದೆ ಅಷ್ಟೇ. ಪಂಪಿನ ಅಂಗಡಿಯ ಸಿದ್ದಯ್ಯ, ‘ಇದೇನ್ ಲಿಯೋನಮ್ಮ, ನೆಂಟ್ರ ಕೈಲಿ ಹೊರಿಸ್ಕೊಂಡು ನೀನು ಕೈಬೀಸ್ಕೊಂಡು ಬತ್ತಾ ಇದ್ದೀಯಲ್ಲ?’ ಎಂದದ್ದಕ್ಕೆ, ‘ಟೀಚರಾಗೋಳು ಕಣ್ರೀ, ಹೊರೋದು ಅಭ್ಯಾಸ ಆಗ್ಲಿ’ ಎಂದೆ. ನೀನು ನಕ್ಕೆ. ನಿನ್ನ ಕುತ್ತಿಗೆ ಬಿಸಿಲಿಗೆ ಕೆಂಪಾಗಿತ್ತು. ನನಗೆ ಅದು ಹಿತವಾಯಿತು.

ಆದರೂ ಊಟದ ಹೊತ್ತಿಗೆ ನಾನು ನಿನಗೆ ಒಂದು ಅವಕಾಶ ಕೊಟ್ಟೆ, ಅದನ್ನು ಇಲ್ಲವೆನ್ನಬೇಡ. ಸುಮಿತ್ರಮ್ಮನ ಮೆಸ್ಸಿನಲ್ಲಿ ಕಡುಬು, ಕೋಳಿಸಾರು ಹಾಕಿಸಿಕೊಂಡು ಕುಳಿತಿದ್ದೆವು. ಹೊರಡುವ ಮುಂಚೆ ಅಮ್ಮನಿಗೆ ಒಂದು ಮಾತು ಹೇಳಿಬಿಡು, ನಿಮ್ಮಪ್ಪನಿಗೆ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಕೇಳಿದೆ. ನೀನು ಮೂಳೆ ಕಡಿಯುತ್ತಲೇ, ‘ಅದೆಲ್ಲ ಹಳೇ ಕತೆ ಬಿಡೇ ಮಾರಾಯ್ತಿ. ನಿಂಗೂ ಓದೋ ಮನಸ್ಸೇನ್ ಇರ್ಲಿಲ್ಲ ಅಲ್ವಾ? ಈಗ ಆರಾಮಾಗಿದ್ದೀಯ’ ಎಂದೆ. ಸುಮಿತ್ರಮ್ಮ ಇನ್ನೆರಡು ಕಡುಬು ಹಾಕಲು ಬಂದಾಗ ನೀನು ನನ್ನನ್ನು ತೋರಿಸಿ, ‘ಅವ್ಳಿಗೆ ಹಾಕಿ, ಅವ್ಳು ಗದ್ದೆ ತೋಟ ಸುತ್ತೋಳು’ ಎಂದೆ.

ಓದುವ ಮನಸ್ಸು ಇರಲಿಲ್ಲ ಎನ್ನುವುದು ನಿಜ. ಒಂದು ಬೆಂಚಿನ ಮೇಲೆ ಒಂದು ಗಂಟೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಫೇಲಾಗಿ ಮನೆಗೆ ಬಂದಿದ್ದರೆ ಅಮ್ಮ ನಾಲ್ಕು ದಿನ ಬೈದು ಐದನೇ ದಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಓದು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಕೈ ನನ್ನ ತಲೆಯಿಂದ ಹೋಯಿತಲ್ಲ, ಸಿಟ್ಟು ಅದಕ್ಕೆ.

ನೀನು ಕೈತೊಳೆಯಲು ಎದ್ದೆ. ಫೋನು ಮೇಜಿನ ಮೇಲಿತ್ತು. ಯೋಚಿಸದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆಫ್ ಮಾಡಿದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದೆ, ಒಣಮೀನಿನ ಚೀಲದ ತಳಕ್ಕೆ ತುರುಕಿದೆ. ನಿನ್ನ ಟ್ರಂಕಿನಲ್ಲಿ ಒಂದು ಸಲ ಫೋನು ಸಿಕ್ಕಿದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತಾಗಬೇಕಿತ್ತು. ಆ ಚೀಲ ನಿನ್ನ ಕೈಯಲ್ಲೇ ಇತ್ತು. ಆಮೇಲೆ ಒಂದೂವರೆ ಗಂಟೆ ಸಂತೆಯನ್ನೆಲ್ಲ ಹುಡುಕಿದೆವು. ನೀನು ಅಳುತ್ತಾ, ಮೀನಿನವನ ಬುಟ್ಟಿಗಳನ್ನೆಲ್ಲ ಎತ್ತಿಸಿ ನೋಡಿದೆ. ನನಗೆ ಕನಿಕರ ಬಂತು ಎಂದು ಬರೆದರೆ ನಾನು ಒಳ್ಳೆಯವಳಂತೆ ಕಾಣುತ್ತೇನೆ. ಬರಲಿಲ್ಲ.

ಮನೆಯಲ್ಲಿ ಅಮ್ಮ ಮೀನನ್ನು ಮೊರಕ್ಕೆ ಸುರಿದಾಗ ಫೋನು ಬಿತ್ತು. ಹೊಸ ಕನ್ನಡಕ ಹಾಕಿಕೊಂಡಿದ್ದಳು. ಚೀಲ ತಂದವಳು ನೀನು. ಅವಳು ನೋಡಿದ್ದು ನನ್ನನ್ನು. ಇದೊಂದು ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ‘ಒಂದ್ಸಲ ಮಾನ ಕಳೆದದ್ದು ಸಾಕಾಗ್ಲಿಲ್ವಾ ನಿಂಗೆ?’ ಎಂದಳು. ನೀನು ಕಣ್ಣು ಒರೆಸಿಕೊಂಡು, ‘ಬೈಬೇಡಿ ಆಂಟಿ, ನಾನೇ ಚೀಲಕ್ಕೆ ಹಾಕಿ ಮರ್ತುಬುಟ್ಟಿದ್ದೆ’ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಮ್ಮನ ಮುಖ ಸಡಿಲಾಯಿತು. ನಾನು ಸುಮ್ಮನಿದ್ದಿದ್ದರೆ ಮೂವರೂ ಕಾಫಿ ಕುಡಿದು ಎದ್ದಿರುತ್ತಿದ್ದೆವು.

‘ಸುಳ್ಳು. ತೆಗೆದು ಮುಚ್ಚಿಟ್ಟೋಳು ನಾನು. ಹಾಸ್ಟೆಲಲ್ಲಿ ಸಿಕ್ಕಿದ್ದು ಯಾರ್ದು ಅಂತ ಈಗ ಅವಳೇ ಹೇಳ್ಲಿ’ ಎಂದೆ. ನೀನು ಮೊರದಲ್ಲಿದ್ದ ಮೀನು ನೋಡಿದೆ, ಬೇಲಿ ನೋಡಿದೆ. ‘ಬಸ್ಸಿಗೆ ಹೊತ್ತಾಯ್ತು ಆಂಟಿ’ ಎಂದೆ. ಅಮ್ಮನೇ ಗೇಟಿನ ತನಕ ಬಂದು ನಿನ್ನನ್ನು ಕಳಿಸಿದಳು.

ಮರಳಿ ಬಂದವಳು ಒಂದೇ ಪ್ರಶ್ನೆ ಕೇಳಿದಳು, ಆ ಹುಡುಗಿ ನಿನಗಾಗಿ ಸುಳ್ಳು ಯಾಕೆ ಹೇಳಿದಳು ಎಂದು. ಅವಳನ್ನೇ ಕೇಳು ಎಂದೆ. ಆ ಸಂಜೆ ಜಪಸರ ಮುಗಿದಾಗ ನಾನು ಕೈಮುಗಿದೆ. ಅಮ್ಮ ಎದ್ದು ಹೋಗಲಿಲ್ಲ. ಕೈಯನ್ನು ಅರ್ಧದವರೆಗೆ ಎತ್ತಿದಳು. ಆಮೇಲೆ ಅದೇ ಕೈಯಿಂದ ತಲೆಯ ಸೆರಗು ಸರಿಮಾಡಿಕೊಂಡಳು. ಮೂರು ವರ್ಷದಲ್ಲಿ ಆ ಕೈ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಉಳಿದರ್ಧ ನಿನ್ನ ಬಾಯಲ್ಲಿದೆ.

ನಾನೇ ನಿನ್ನ ಹೆಸರು ಹೇಳಿದರೆ ಅಮ್ಮ ನಂಬುವುದಿಲ್ಲ. ಗುರುವಾರದಿಂದ ನಾನು ಕಳ್ಳಿ ಬೇರೆ. ಆದ್ದರಿಂದ ಈ ಭಾನುವಾರ ಬಂದು ನೀನೇ ಹೇಳಬೇಕು. ಬಚ್ಚಲಮನೆಯ ಹಿಂದೆ ಕೊಟ್ಟಿದ್ದ ಮಾತನ್ನು ನಾನು ಇವತ್ತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕದ್ದು ಮುರಿಯುತ್ತಿಲ್ಲ, ನಿನಗೆ ತಿಳಿಸಿಯೇ ಮುರಿಯುತ್ತಿದ್ದೇನೆ. ಆ ಹುಡುಗನ ಹೆಸರನ್ನು ಮಾತ್ರ ಎಲ್ಲೂ ಬರೆದಿಲ್ಲ. ಅವನು ನನಗೇನೂ ಮಾಡಿಲ್ಲ.

ಇಂತಿ,
ಎರಡನೇ ಫೋನಿಗೆ ಮಾತ್ರ ತಪ್ಪಿತಸ್ಥೆಯಾದ
ಲಿಯೋನಾ

ತಾ.ಕ.: ನಾಳೆ ನೀನು ಮೈಸೂರಿನ ಹಾಸ್ಟೆಲಿಗೆ ಹೊರಡುತ್ತೀಯ ಎಂದು ಗೊತ್ತು. ಆದರೂ ಲಕೋಟೆಯ ಮೇಲೆ ಬೆಳಗೋಡಿನ ನಿಮ್ಮ ಮನೆಯ ವಿಳಾಸವನ್ನೇ ಬರೆದಿದ್ದೇನೆ. ಮನೆಗೆ ಬಂದ ಟಪಾಲು ಯಾರ ಹೆಸರಿಗಿದ್ದರೂ ಅಪ್ಪನೇ ಒಡೆದು ಓದುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ.

ರಂಗಸ್ವಾಮಿ ಅಂಕಲ್, ನಮಸ್ಕಾರ. ಭಾನುವಾರ ಹನ್ನೊಂದಕ್ಕೆಲ್ಲ ನಾವು ಚರ್ಚಿನಿಂದ ಮನೆಗೆ ಬಂದಿರುತ್ತೇವೆ. ಮಾನಸಳನ್ನು ಕರೆದುಕೊಂಡು ಬನ್ನಿ.