ಚೆದುರು ಒಪ್ಪಂದಕ್ಕೆ ಸಹಿ ಹಾಕಿದವಳು

ಕ್ರಿ.ಶ. ೨೨೧೪, ಕತ್ತಲೆ ತಿಂಗಳ ಐವತ್ತೊಂದನೇ ದಿನ

ನನಗಿಂತ ನೂರ ತೊಂಬತ್ತು ವರ್ಷ ಹಿಂದೆ ಇರುವ ಹುಬ್ಬಳ್ಳಿಯವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ಉತ್ತರದ ಈ ಹಿಮನಾಡಿನಲ್ಲಿ ಸೂರ್ಯ ಹುಟ್ಟದ ದಿನಗಳನ್ನೆಲ್ಲ ಸೇರಿಸಿ ಒಂದೇ ತಿಂಗಳೆನ್ನುತ್ತಾರೆ. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕೆಲವೊಮ್ಮೆ ವಾರಗಟ್ಟಲೆ ಅದನ್ನು ಆಡಲು ಯಾರೂ ಸಿಗುವುದಿಲ್ಲ.

ನಾನು ನೀಲಗಂಗಾ ಹಂಚಿನಮನಿ. ಒಂಬತ್ತು ವರ್ಷ ನಿಮ್ಮ ಊರಿನ ಮೇಯರ್ ಆಗಿದ್ದೆ. ನಮ್ಮ ಕಾಲಕ್ಕೆ ಅದು ಅರವತ್ತು ಲಕ್ಷ ಜನರ ನಗರ. ಬೆಳಿಗ್ಗೆ ನಡೆದು ಹೊರಟರೆ ಕಚೇರಿ ತಲುಪುವಷ್ಟರಲ್ಲಿ ಹತ್ತು ಕಡೆ ಚಹಾ ಆಗಿರುತ್ತಿತ್ತು. ಕರಾವಳಿಯ ಊರುಗಳು ಸಮುದ್ರದ ಪಾಲಾದ ವರ್ಷ, ನಾವು ನೆಲಬಿಟ್ಟವರು ಎಂದು ಕರೆಯುವ ಜನ ಘಟ್ಟ ಹತ್ತಿ ಬಂದರು. ಮೈದಾನಗಳನ್ನು ಕೊಟ್ಟೆ, ಮಾರುಕಟ್ಟೆಯನ್ನು ಕೊಟ್ಟೆ, ಕೊನೆಗೆ ಪಾಲಿಕೆಯ ಸಭಾಂಗಣವನ್ನೂ ಕೊಟ್ಟೆ. ಮುಂದಿನ ಚುನಾವಣೆಯಲ್ಲಿ ಸೋತೆ.

"ಅಕ್ಕಾರ, ನೀವು ಮಾಡಿದ್ದು ತಪ್ಪಂತ ಯಾರೂ ಅನ್ನಂಗಿಲ್ರಿ. ಆದ್ರ ನಮ್ಮ ಹುಡುಗ್ರಿಗೆ ಆಡಾಕ ಜಾಗಾ ಇಲ್ದಂಗಾತು," ಎಂದ ನನ್ನ ವಾರ್ಡಿನ ಚಹಾದಂಗಡಿಯ ಫಕ್ಕೀರಪ್ಪ. ಅವನೂ ನನಗೆ ಮತ ಹಾಕಿರಲಿಲ್ಲ.

ಸರ್ಕಾರ ನನ್ನನ್ನು ರಾಯಭಾರಿಯಾಗಿ ಇಲ್ಲಿಗೆ ಕಳಿಸಿತು. ಇನ್ನೂ ಹುಬ್ಬಳ್ಳಿಯ ಗುಡಾರಗಳಲ್ಲಿದ್ದ ನಾಲ್ಕುನೂರು ಕುಟುಂಬಗಳಿಗೆ ನೆಲೆ ಕೇಳುವುದು ನನ್ನ ಕೆಲಸ. ಹಿಮನಾಡು ಒಪ್ಪಿತು, ಆದರೆ ಒಂದು ಊರಿಗೆ ಒಂದೇ ಕುಟುಂಬ ಎಂದಿತು. ಇದಕ್ಕೆ ಇವರಿಟ್ಟ ಹೆಸರನ್ನು ನಾನು 'ಚೆದುರು ಒಪ್ಪಂದ' ಎಂದು ಕನ್ನಡಿಸಿದೆ. ಓಣಿಯಿಲ್ಲದೆ ಮನುಷ್ಯ ಬದುಕುವುದು ಹೇಗೆಂದು ಹನ್ನೊಂದು ತಿಂಗಳು ವಾದಿಸಿದೆ, ಸಹಿ ಹಾಕಲಿಲ್ಲ. ಆ ಮಳೆಗಾಲ ಗುಡಾರಗಳಲ್ಲಿ ಜ್ವರ ಹಬ್ಬಿ ಮೂವತ್ತೊಂದು ಜನ ಸತ್ತರು. ಮಗ, ಸೊಸೆ ಇಬ್ಬರನ್ನೂ ಕಳೆದುಕೊಂಡ ಅಂಕೋಲೆಯ ಹೊನ್ನಮ್ಮ ನನಗೆ ಕರೆ ಮಾಡಿದಳು.

"ಸಹಿ ಹಾಕಿ ಅಮ್ಮಾ. ಮಾತಾಡೂಕೆ ಜನ ಇಲ್ದಿದ್ರೂ ಬದುಕೂಕಾಗ್ತದೆ. ಇಲ್ಲಿ ಆಗೂದಿಲ್ಲ. ಕೂಸು ಒಂದು ಉಳ್ದಿದೆ."

ಮರುದಿನ ಸಹಿ ಹಾಕಿದೆ. ಆ ಮೂವತ್ತೊಂದು ಜನ ನನ್ನ ವಾದಕ್ಕೆ ಸತ್ತರೆಂದು ಈಗಲೂ ಅನಿಸುತ್ತದೆ.

ಅವಧಿ ಮುಗಿದರೂ ಹಿಂದಿರುಗಲಿಲ್ಲ. ನಾನೇ ಚೆದುರಿಸಿದವರನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಹದಿನೇಳು ವರ್ಷಗಳಿಂದ ರೈಲು ಹತ್ತಿ ಊರೂರು ತಿರುಗುತ್ತಿದ್ದೇನೆ. ಒಂದೊಂದು ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಕನ್ನಡದಲ್ಲಿ ಮಾತಾಡುತ್ತೇನೆ. ಮೀನಿನ ಸಾರು, ಮೊಣಕಾಲು ನೋವು, ಮುಳುಗಿದ ಊರಿನ ಬಸ್ ನಿಲ್ದಾಣ, ಏನು ಬಂದರೆ ಅದು. ಆಮೇಲೆ ಮತ್ತೆ ರೈಲು.

ಹೊನ್ನಮ್ಮ ಇಲ್ಲಿಗೆ ಬಂದ ನಾಲ್ಕನೇ ಚಳಿಗಾಲದಲ್ಲಿ ತೀರಿಕೊಂಡಳು. ಆ ಕೂಸನ್ನು ಇಲ್ಲಿಯವರೊಬ್ಬರು ಸಾಕಲು ದೂರ ಕರೆದೊಯ್ದಿದ್ದರು. ವಿಳಾಸ ಸಿಕ್ಕಿದ್ದು ಈ ವರ್ಷ. ಹೋದ ವಾರ ಹೋಗಿ ಬಾಗಿಲು ತಟ್ಟಿದೆ. ಹುಡುಗಿಗೆ ಈಗ ಇಪ್ಪತ್ತರ ಆಸುಪಾಸು; ಕನ್ನಡ ಬಾರದು. ಅಭ್ಯಾಸದಂತೆ ನಾನೇನೋ ಮಾತಾಡತೊಡಗಿದವಳು ಅರ್ಧಕ್ಕೆ ನಿಲ್ಲಿಸಿದೆ. ಅವಳು ತನ್ನ ಭಾಷೆಯಲ್ಲಿ ಹೇಳಿದಳು, "ನಿಲ್ಲಿಸಬೇಡಿ. ನನಗೆ ಅರ್ಥವಾಗುವುದಿಲ್ಲ. ಆದರೆ ಅಜ್ಜಿ ಒಲೆಯ ಮುಂದೆ ಒಬ್ಬಳೇ ಹೀಗೇ ಮಾತಾಡುತ್ತಿದ್ದಳು."

ರೈಲಿನ ಹೊತ್ತಾಗುವವರೆಗೂ ಮಾತಾಡಿದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ: ನೆಲೆ ಕಳೆದುಕೊಂಡವರು ನಿಮ್ಮ ಊರಿಗೆ ಬಂದರೆ ಅವರನ್ನು ಒಟ್ಟಿಗೇ ಇರಲು ಬಿಡಿ. ಈ ಸುತ್ತಿನಲ್ಲಿ ನನಗಿನ್ನೂ ಅರವತ್ತು ಮನೆ ಉಳಿದಿವೆ. ಬರುತ್ತೇನೆ.