ಹಗಲಿನ ಉಡಿಕಿ

ಬೀದರ
ವೈಶಾಖ ಶುದ್ಧ ನವಮಿ, ಭಾನುವಾರ, ಫಸಲಿ ೧೩೪೪

ಭಾಲ್ಕಿಯ ವಕೀಲ, ನನ್ನ ಬೆನ್ನಿಗೆ ಬಿದ್ದ ತಮ್ಮ ಶಿವರಾಜಪ್ಪನಿಗೆ ಅಕ್ಕ ಅನುಸೂಯಾಬಾಯಿ ಮಾಡುವ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಅಕ್ಷರ ಮುತ್ತಿನಂತಿವೆ, ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನಿನ್ನ ಮಗಳು ಶಾಂತಾಬಾಯಿಯ ಉಡಿಕಿಗೆ ಒಪ್ಪಿಗೆ ಇದೆ ಎಂದಿದ್ದೀ. ಸಂತೋಷ. ಆದರೆ ವಿಧವೆಯ ಮರುಮದುವೆ ಹಿಂದಿನಿಂದ ನಡೆದುಬಂದ ಹಾಗೆಯೇ ನಡೆಯಲಿ ಎಂದಿದ್ದೀ. ಔರಾದದಲ್ಲಿ ಗಂಡಿನ ಮನೆಯ ಕೊಟ್ಟಿಗೆಯ ಹಿಂದೆ, ಕತ್ತಲಾದ ಮೇಲೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ, ಒಬ್ಬಿಬ್ಬರು ವಿಧವೆಯರ ಎದುರು ತಾಳಿ ಕಟ್ಟಿಸಿ ಮುಗಿಸಬೇಕಂತೆ. ನಿನ್ನ ಸಂಘದ ಸಭೆಗೆ ಹೈದರಾಬಾದಿನ ದೊಡ್ಡವರು ಬರುವವರಿದ್ದಾರೆ, ಆದ್ದರಿಂದ ನಿನ್ನ ಹೆಸರನ್ನು ಯಾರೂ ಎತ್ತಬಾರದಂತೆ.

ಆಗುವುದಿಲ್ಲ ತಮ್ಮಾ. ನಾಳೆ ಸೋಮವಾರ, ಹೊತ್ತೇರಿದ ಮೇಲೆ, ನನ್ನ ಮನೆಯ ಮುಂದಿನ ಅಂಗಳದಲ್ಲಿ, ಚಪ್ಪರದ ಕೆಳಗೆ, ಬಾಜಾ ಬಾರಿಸಿ ಮದುವೆ. ನಿನ್ನ ಒಪ್ಪಿಗೆ ಕೇಳಿ ಬರೆಯುತ್ತಿಲ್ಲ. ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹೋದ ತಿಂಗಳು ನಾನೂ ನೆರೆಮನೆಯ ಖುರ್ಷಿದ ಬೇಗಮ್ಮಳೂ ನಿನ್ನ ಭಾಷಣ ಕೇಳಲು ಭಾಲ್ಕಿಗೆ ಬಂದು ಪರದೆಯ ಹಿಂದೆ ಕೂತಿದ್ದೆವಲ್ಲ. ಅಮೇರಿಕ ದೇಶ ಕಟ್ಟಿದ ಹಿರಿಯರ ಬಗ್ಗೆ ಎಂಥಾ ಮಾತಾಡಿದೆ! ಮನುಷ್ಯರೆಲ್ಲ ಹುಟ್ಟಿನಿಂದಲೇ ಸಮ ಎಂದು ಅವರು ಬರೆದದ್ದನ್ನು ನಿನ್ನ ಬಾಯಲ್ಲಿ ಕೇಳಿ ನನ್ನ ಮೈ ಜುಮ್ಮೆಂದಿತು. ಹಾಗೆ ಬರೆದವರ ಹೊಲದಲ್ಲೇ ಗುಲಾಮರು ದುಡಿಯುತ್ತಿದ್ದರೆಂದೂ ನೀನೇ ಹೇಳಿದೆ. ಒಬ್ಬ ಹಿರಿಯನಂತೂ ತಾನು ಸತ್ತು, ತನ್ನ ಹೆಂಡತಿಯೂ ಸತ್ತ ಮೇಲೆ ಗುಲಾಮರಿಗೆ ಬಿಡುಗಡೆ ಎಂದು ಮೃತ್ಯುಪತ್ರ ಬರೆದಿಟ್ಟನಂತೆ. ಸಭೆ ನಕ್ಕಿತು. ನೀನು ಕೈ ಎತ್ತಿ, “ನಗಬ್ಯಾಡ್ರಿ, ಕಾಲ ಹಂಗಿತ್ತು. ಅವರ ಕೈ ಕಟ್ಟಿತ್ತು,” ಅಂದೆ.

ಖುರ್ಷಿದ ನನ್ನ ಪಕ್ಕೆ ತಿವಿದು, “ಅಕ್ಕಾ, ಕೈ ಕಟ್ಟಿದ್ದು ಮಾಲೀಕರದಾ, ಗುಲಾಮರದಾ? ನಿಮ್ಮ ತಮ್ಮಗ ಜರಾ ಕೇಳ್ರಿ,” ಅಂದಳು.

ತುಂಬಿದ ಸಭೆಯಲ್ಲಿ ನಿನ್ನ ಮರ್ಯಾದೆ ಕಾದೆ. ಈಗ ಕೇಳುತ್ತಿದ್ದೇನೆ.

ಕೊನೆಗೆ ನಮ್ಮ ಕಲ್ಯಾಣದ ಶರಣರ ಕಡೆ ತಿರುಗಿ, ಹೆಣ್ಣಿನ ಕೊರಳಿಗೂ ಲಿಂಗ ಕಟ್ಟಿದವರು ನಮ್ಮವರು ಎಂದು ಮೇಜು ಗುದ್ದಿದೆ. ಅದೇ ಕೊರಳಿಗೆ ಎರಡನೆಯ ಸಲ ತಾಳಿ ಕಟ್ಟುವಾಗ ದೀಪ ಆರಿಸಿರಿ ಎಂದು ಯಾವ ಶರಣರು ಹೇಳಿದ್ದಾರೆ? ನಾನು ಜೋಳದ ಅಂಗಡಿಯವಳು. ತಕ್ಕಡಿಯ ಒಂದೇ ತಟ್ಟೆ ನೋಡಿ ವ್ಯಾಪಾರ ಮಾಡಿದ್ದರೆ ಪೇಟೆಯ ಚೌಬಾರ ಗೋಪುರದ ಹತ್ತಿರ ನನ್ನನ್ನು ಯಾರು ನಿಲ್ಲಗೊಡುತ್ತಿದ್ದರು?

ನಮ್ಮ ಓಣಿಯ ಅಯ್ಯನವರೂ ಮೊದಲು ಮುಖ ಸಿಂಡರಿಸಿದರು. “ಹಗಲಿ ಉಡಿಕಿ ಯಾರು ಮಾಡ್ಯಾರ್ರಿ ಬಾಯೀ?” ಅಂದರು. “ರಾತ್ರಿ ನಿಮಗ ಕಣ್ಣು ಕಾಣೂದಿಲ್ಲ ಅಯ್ಯನವರ. ಹಗಲಿ ಆದ್ರ ಮಂತ್ರ ಮದುಮಗಳಿಗಿ ಮುಟ್ಟತಾವ, ಕತ್ತಲದಾಗ ಎಮ್ಮಿಗಿ ಹೇಳಿ ಹೋದೀರಿ,” ಅಂದೆ. ನಕ್ಕರು. ನಕ್ಕ ಮೇಲೆ ಒಲ್ಲೆ ಎನ್ನುವುದು ಅವರಿಗೂ ಕಷ್ಟವಾಯಿತು.

ಗಂಡು ವೈಜಿನಾಥನದು ಔರಾದದಲ್ಲಿ ಹತ್ತಿಯ ವ್ಯಾಪಾರ. ಹೆಂಡತಿ ತೀರಿದವನು. ಮಾತು ಕಡಿಮೆ. ನಿನ್ನ ಪತ್ರ ಅವನಿಗೆ ಓದಿ ಹೇಳಿದೆ. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. “ಕದ್ದು ತಂದಂಗ ತಂದ್ರ ಊರು ಆಕಿಗಿ ಕದ್ದ ಮಾಲಿನಂಗೇ ನೋಡ್ತದ್ರಿ. ನಾ ಹಗಲಿಗೇ ಬರ್ತೇನಿ,” ಅಂದ.

ಇನ್ನು ಶಾಂತಾ. ಗಂಡ ಸತ್ತ ವರ್ಷವೇ ನೀನು ಅವಳನ್ನು ನನ್ನಲ್ಲಿಗೆ ಕಳಿಸಿದೆ. ಗಾಳಿ ಬದಲಾಗಲಿ ಎಂದೆ. ನಿನ್ನ ಮನೆಯ ಗಾಳಿ ಹಗುರಾಗಲಿ ಎಂದು ನನಗೆ ಆಗಲೇ ತಿಳಿದಿತ್ತು. ಪತ್ರ ಅವಳೂ ಓದಿದಳು. ಅಳಲಿಲ್ಲ. “ನಾ ಏನು ತಪ್ಪು ಮಾಡೀನಿ ಅತ್ತೀ? ಮುಖ ಯಾಕ ಮುಚ್ಚಲಿ?” ಅಂದಳು. ಇದಕ್ಕೆ ಉತ್ತರ ನಿನ್ನ ಪಾಲಿನದು. ವಕೀಲ ನೀನು, ಬಂದು ಹೇಳು.

ನಿಮಗ್ಯಾರಿಗೂ ಹೇಳದ ಒಂದು ಮಾತಿದೆ. ನನ್ನ ಗಂಡ ತೀರಿಕೊಂಡಾಗ ಅಪ್ಪ ನನಗೂ ಒಂದು ಉಡಿಕಿ ನೋಡಿದ್ದ. ಗಂಡು ಒಳ್ಳೆಯವನೇ. ನಾನು ಒಲ್ಲೆ ಎಂದೆ. ಸತ್ತ ಗಂಡನ ಮೇಲಿನ ನಿಷ್ಠೆ ಎಂದು ಊರೆಲ್ಲ ಹೊಗಳಿತು, ನಾನೂ ಸುಮ್ಮನೆ ಹೊಗಳಿಸಿಕೊಂಡೆ. ನಾನು ಒಲ್ಲೆ ಅಂದದ್ದು ಆ ಕೊಟ್ಟಿಗೆಯ ಕತ್ತಲಿಗೆ.

ಅಂಥ ಒಲ್ಲೆಯನ್ನು ಶಾಂತಾ ಹೇಳಬೇಕಿಲ್ಲ. ಚಪ್ಪರದಲ್ಲಿ ನಿನಗೊಂದು ಜಾಗ ಇಟ್ಟಿದ್ದೇನೆ. ಈ ಪತ್ರ ಅಂಗಡಿಯ ಆಳಿನ ಕೈಯಲ್ಲಿ ಇವತ್ತೇ ನಿನಗೆ ಮುಟ್ಟುತ್ತದೆ, ನಾಳೆ ಬೆಳಗಿನ ರೈಲು ಹಿಡಿದರೆ ಮುಹೂರ್ತಕ್ಕೆ ಬರುತ್ತೀ. ಬರದಿದ್ದರೆ ಅವಳ ಕೈ ಹಿಡಿದು ಕೊಡುವವಳು ನಾನೇ. ವಿಧವೆಯ ಕೈ ಎಂದು ಯಾರಾದರೂ ಆಡಿಕೊಂಡರೆ, ಅಮೇರಿಕದ ಆ ಹಿರಿಯರ ಕೈ ಕಟ್ಟಿತ್ತು, ನನ್ನದು ಕಟ್ಟಿಲ್ಲ ಎನ್ನುತ್ತೇನೆ.

ಇಂತಿ ನಿನ್ನ ಒಳಿತನ್ನೇ ಬಯಸುವ, ನಿನ್ನ ಮಾತು ಮೀರಿದ ಅಕ್ಕ,
ಅನುಸೂಯಾಬಾಯಿ

ತಾ.ಕ.: ನಿನ್ನ ಹೆಂಡತಿ ಗುರಮ್ಮ ತವರೂರು ಮನ್ನಳ್ಳಿಗೆ ಹೋಗಿದ್ದಾಳೆಂದು ನೀನು ತಿಳಿದಿದ್ದೀ. ಅವಳು ಇಲ್ಲಿದ್ದಾಳೆ. ಉಡಿಕಿಯ ಹೆಣ್ಣಿನ ಮುಖವನ್ನೂ ಮುತ್ತೈದೆ ನೋಡಬಾರದು ಎನ್ನುತ್ತಾರಲ್ಲ, ಇವತ್ತು ಮುಂಜಾನೆ ಮಗಳ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದವಳು ಅವಳೇ. ನಿನಗೆ ಹೇಳಲು ಒಂದು ಮಾತು ಕೊಟ್ಟಿದ್ದಾಳೆ, ಇದ್ದ ಹಾಗೆ ಬರೆಯುತ್ತೇನೆ: “ನನಗ ಕರೀಲಾಕ ಬರೂದಾದ್ರ ಮಗಳಿಗಿ ಅಳಿಯಗ ಕೂಡೇ ಕರೀರಿ. ಮೂವರೂ ಭಾಲ್ಕಿ ಮನಿಗಿ ಮುಂಬಾಗಲಿಂದೇ ಬರ್ತೇವಿ. ಇಲ್ಲಾಂದ್ರ ನಾ ಔರಾದಕ್ಕೇ ಹೋಗ್ತೇನಿ.”